ಸೆಕಿರೋದ ಕೊನೆಯ ಬಾಸ್ ಇಶ್ಶಿನ್: ಈಟಿ ತೆಗೆದ ಮೇಲೆ ಏನು ಮಾಡಬೇಕು?

ಪ್ರಶ್ನೆ (ಸಪ್ತಾಪುರ, ಧಾರವಾಡ):
ನಮಸ್ಕಾರ ಅಣ್ಣಾ. ಸೆಕಿರೋ ಅನ್ನುವ ಕತ್ತಿ ಕಾಳಗದ ವಿಡಿಯೋ ಗೇಮ್ ಆಡುತ್ತಿದ್ದೇನೆ, ಆಟ ಕೊನೆಗೆ ಬಂದಿದೆ. ಬಿಳಿ ಹುಲ್ಲಿನ ಬಯಲಲ್ಲಿ ಮೊದಲು ಗೆನಿಚಿರೋ ಬರುತ್ತಾನೆ, ಅವನು ಬಿದ್ದ ಮೇಲೆ ಕೊನೆಯ ಬಾಸ್ (ದೊಡ್ಡ ಎದುರಾಳಿ) ಇಶ್ಶಿನ್ ಎದ್ದು ಬರುತ್ತಾನೆ. ಇಶ್ಶಿನ್‌ನ ಮೊದಲ ಹಂತ ಹೇಗೋ ದಾಟುತ್ತೇನೆ. ಎರಡನೇ ಹಂತದಲ್ಲಿ ಈಟಿ ತೆಗೆದ ಅಂದ್ರೆ ನನ್ನ ಕಥೆ ಮುಗೀತು. ದೂರ ಓಡಿದರೆ ಪಿಸ್ತೂಲಿನಿಂದ ಗುಂಡು ಹಾರಿಸುತ್ತಾನೆ. ಹತ್ತಿರ ಹೋದರೆ ಈಟಿ ಬೀಸಿ ಕೆಡವುತ್ತಾನೆ. ಅಷ್ಟೊತ್ತಿಗೆ ಜೀವ ತುಂಬಿಸಿಕೊಳ್ಳೋಕೆ ಕುಡಿಯುವ ಮದ್ದಿನ ಗೋರ್ಡ್ ಕೂಡ ಖಾಲಿಯಾಗಿರುತ್ತದೆ. ಪರೀಕ್ಷೆ ಮುಗಿದಿದೆ, ಆಡೋಕೆ ಟೈಮ್ ಇದೆ. ಆದರೆ ದಿನಾ ಅದೇ ಜಾಗದಲ್ಲಿ ಸೋತು ಬೇಜಾರಾಗಿದೆ. ಇದಕ್ಕೆ ಈಸಿ ಮೋಡ್ ಇಲ್ವಾ? ಪಿಎಸ್4ನಲ್ಲಿ, ಮನೆಯ ಟಿವಿಗೆ ಹಾಕಿ ಆಡುತ್ತೇನೆ.

ಉತ್ತರ (ಗೇಮ್ ಪಾರ್ಲರ್ ನಡೆಸುವವರು, ವಿದ್ಯಾನಗರ, ಹುಬ್ಬಳ್ಳಿ):
ತಮ್ಮಾ, ಮೊದಲು ಕೊನೆಯ ಪ್ರಶ್ನೆಗೇ ಉತ್ತರ ಹೇಳಿಬಿಡುತ್ತೇನೆ. ಈಸಿ ಮೋಡ್ ಇಲ್ಲ. ಫ್ರಮ್‌ಸಾಫ್ಟ್‌ವೇರ್‌ನವರು 2019ರ ಮಾರ್ಚ್‌ನಲ್ಲಿ ಈ ಆಟ ಬಿಟ್ಟಾಗಲೂ ಇರಲಿಲ್ಲ, ಆಮೇಲೂ ಸೇರಿಸಲಿಲ್ಲ. ಆದರೆ ಗೊತ್ತಿಲ್ಲದೆ ಆಟವನ್ನು ಇನ್ನಷ್ಟು ಕಷ್ಟ ಮಾಡಿಕೊಂಡವರನ್ನು ನಮ್ಮ ಪಾರ್ಲರ್‌ನಲ್ಲಿ ನೋಡಿದ್ದೇನೆ. ಸೆನ್ಪೋ ದೇವಸ್ಥಾನದ ಬೆಟ್ಟದಲ್ಲಿ ಒಂದು ದೊಡ್ಡ ಗಂಟೆ ಇದೆ. ಅದನ್ನು ಬಾರಿಸಿದರೆ ಶತ್ರುಗಳೆಲ್ಲ ಗಟ್ಟಿಯಾಗುತ್ತಾರೆ, ಬದಲಿಗೆ ಒಳ್ಳೆಯ ವಸ್ತುಗಳು ಜಾಸ್ತಿ ಸಿಗುತ್ತವೆ. ನೀವು ಅದನ್ನು ಬಾರಿಸಿದ್ದರೆ ನಿಮ್ಮ ಸಾಮಾನಿನಲ್ಲಿ ಬೆಲ್ ಡೀಮನ್ ಅಂತ ಒಂದು ವಸ್ತು ಕೂತಿರುತ್ತದೆ. ಅದನ್ನು ಬಳಸಿದರೆ ಆ ಶಾಪ ಹೋಗುತ್ತದೆ. ಇವತ್ತೇ ನೋಡಿಕೊಳ್ಳಿ.

ಎರಡನೆಯದು ಟಿವಿ. ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿದ್ದೀರಾ? ಸಿನಿಮಾ ನೋಡೋಕೆ ಚಿತ್ರ ನುಣುಪು ಮಾಡುವ ಸೆಟ್ಟಿಂಗ್ ಇರುತ್ತಲ್ಲ, ಅದು ಆನ್ ಇದ್ದರೆ ನೀವು ಬಟನ್ ಒತ್ತಿದ್ದಕ್ಕೂ ಪರದೆ ಮೇಲೆ ಕತ್ತಿ ಏಳೋದಕ್ಕೂ ನಡುವೆ ಸಣ್ಣ ಅಂತರ ಬೀಳುತ್ತದೆ. ಬೇರೆ ಆಟಗಳಲ್ಲಿ ಅದು ಗೊತ್ತೇ ಆಗಲ್ಲ. ಸೆಕಿರೋದಲ್ಲಿ ಆ ಅಂತರವೇ ನಿಮ್ಮನ್ನು ಸಾಯಿಸುತ್ತದೆ.

ಈಗ ಇಶ್ಶಿನ್ ವಿಷಯ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: "ದೂರ ಓಡಿದರೆ". ಯಾಕೆ ಓಡುತ್ತೀರಿ? ಈ ಆಟ ಓಡುವವರಿಗಾಗಿ ಮಾಡಿದ್ದಲ್ಲ. ನೀವು ದೂರ ಹೋದಷ್ಟು ಹೊತ್ತು ಅವನ ಪೋಶ್ಚರ್ (ಪೂರ್ತಿ ತುಂಬಿದರೆ ನಿಲುವು ಒಡೆಯುವ ಪಟ್ಟಿ) ಇಳಿಯುತ್ತಾ ಹೋಗುತ್ತದೆ. ಅಂದರೆ ಇಷ್ಟೊತ್ತು ಕಷ್ಟಪಟ್ಟು ತುಂಬಿಸಿದ್ದೆಲ್ಲ ಮತ್ತೆ ಖಾಲಿ. ಅವನ ಮೈಗೆ ಅಂಟಿಕೊಂಡೇ ಆಡಬೇಕು. ಇದೊಂದು ಮನಸ್ಸಿಗೆ ಬಂದರೆ ಅರ್ಧ ಗೆದ್ದ ಹಾಗೆ.

ಹತ್ತಿರ ನಿಂತರೆ ಏಟು ಬೀಳುತ್ತಲ್ಲ ಅಂತೀರಿ. ಬೀಳುತ್ತದೆ. ಅದಕ್ಕೇ ಡಿಫ್ಲೆಕ್ಟ್, ಅಂದರೆ ಏಟನ್ನು ಕತ್ತಿಯಿಂದ ತಿರುಗಿಸೋದು, ಇರೋದು. ಕಂಟ್ರೋಲರ್‌ನ ಎಲ್1 ಬಟನ್ ಒತ್ತಿ ಹಿಡಿದರೆ ಅದು ಬರೀ ಬ್ಲಾಕ್. ಅವನ ಕತ್ತಿ ನಿಮಗೆ ತಾಗುವ ಹೊತ್ತಿಗೆ ಸರಿಯಾಗಿ ಒತ್ತಿದರೆ ಡಿಫ್ಲೆಕ್ಟ್. ಸರಿಯಾಗಿ ಡಿಫ್ಲೆಕ್ಟ್ ಮಾಡುತ್ತಾ ಹೋದರೆ ನಿಮ್ಮ ಪೋಶ್ಚರ್ ಪಟ್ಟಿ ತುದಿ ಮುಟ್ಟಿದ್ದರೂ ಒಡೆಯಲ್ಲ. ಬರೀ ಬ್ಲಾಕ್ ಮಾಡಿದಾಗಲೇ ಒಡೆಯೋದು. ತುಂಬಾ ಜನ ಹೆದರಿಕೆಗೆ ಎಲ್1 ಅನ್ನು ಟಕಟಕ ಒತ್ತುತ್ತಲೇ ಇರುತ್ತಾರೆ. ಹಾಗೆ ಒತ್ತಿದಷ್ಟೂ ಡಿಫ್ಲೆಕ್ಟ್ ಆಗುವ ಸಮಯ ಕಡಿಮೆಯಾಗುತ್ತಾ ಬರುತ್ತದೆ. ಒಂದು ಪೆಟ್ಟಿಗೆ ಒಂದೇ ಸಲ ಒತ್ತಿ, ಬಿಡಿ.

ಕಣ್ಣಿಗಿಂತ ಕಿವಿಗೆ ಜಾಸ್ತಿ ಕೆಲಸ ಕೊಡಿ. ಹೋಳಿ ಹುಣ್ಣಿಮೆಗೆ ನಮ್ಮ ಹುಬ್ಬಳ್ಳಿಯಲ್ಲಿ ಜಗ್ಗಲಿಗೆ ಬಾರಿಸುವವರ ಪಕ್ಕ ನಿಂತಿದ್ದರೆ ಗೊತ್ತಿರುತ್ತದೆ, ಸ್ವಲ್ಪ ಹೊತ್ತು ಕೇಳಿದ ಮೇಲೆ ಮುಂದಿನ ಪೆಟ್ಟು ಯಾವಾಗ ಅಂತ ಮೈಗೇ ತಿಳಿಯುತ್ತದೆ. ಇಶ್ಶಿನ್‌ನ ಏಟುಗಳಿಗೂ ಒಂದು ಲಯ ಇದೆ. ಇನ್ನೊಂದು ಸದ್ದನ್ನೂ ಗುರುತಿಟ್ಟುಕೊಳ್ಳಿ. ನೀವು ಅವನನ್ನು ಹೊಡೆಯುವಾಗ ಒಂದೆರಡು ಪೆಟ್ಟು ಸಾಮಾನ್ಯ ಖಣಖಣ ಅನ್ನುತ್ತವೆ. ಆಮೇಲೆ ಒಂದು ಪೆಟ್ಟಿಗೆ ಸದ್ದು ಚೂಪಾಗಿ ಬರುತ್ತದೆ, ಕಿಡಿ ದೊಡ್ಡದಾಗಿ ಹಾರುತ್ತದೆ. ಅಂದರೆ ನಿಮ್ಮ ಏಟನ್ನು ಅವನೇ ಡಿಫ್ಲೆಕ್ಟ್ ಮಾಡಿದ, ಈಗ ಸರದಿ ಅವನದು. ಅಲ್ಲಿ ಹೊಡೆಯುವ ಬಟನ್ ಆರ್1 ಬಿಟ್ಟು ಬೆರಳನ್ನು ಎಲ್1ಗೆ ತನ್ನಿ. ಆ ಸದ್ದು ಕೇಳಿಯೂ ಇನ್ನೊಂದು ಹೊಡೆಯುತ್ತೇನೆ ಅನ್ನುವ ಆಸೆಗೇ ಜನ ಸಾಯೋದು.

ಗೆನಿಚಿರೋಗೆ ಗೋರ್ಡ್ ಖರ್ಚು ಮಾಡಬೇಡಿ. ಅಲ್ಲಿ ಒಂದಕ್ಕಿಂತ ಜಾಸ್ತಿ ಕುಡಿದಿರಿ ಅಂದರೆ ಮುಂದೆ ಇಶ್ಶಿನ್‌ನ ಮೂರು ಹಂತಕ್ಕೆ ಸಾಲಲ್ಲ. ಒಟ್ಟು ನಾಲ್ಕು ಡೆತ್‌ಬ್ಲೋ (ಹಂತ ಮುಗಿಸುವ ಕೊನೆಯ ಏಟು) ಬೇಕು, ಗೆನಿಚಿರೋಗೆ ಒಂದು, ಇಶ್ಶಿನ್‌ಗೆ ಮೂರು. ಇಶ್ಶಿನ್‌ನ ಮೊದಲ ಹಂತ ನೀವು ದಾಟುತ್ತಿದ್ದೀರಿ, ಅದರ ಬಗ್ಗೆ ಒಂದೇ ಮಾತು. ಅವನು ಕತ್ತಿಯನ್ನು ಒರೆಗೆ ಹಾಕಿ ಬಗ್ಗಿ ನಿಂತರೆ ಎರಡು ಏಟು ಬೆನ್ನುಬೆನ್ನಿಗೆ ಬರುತ್ತವೆ. ನಿಂತ ತಕ್ಷಣ ಒತ್ತಬೇಡಿ. ಕತ್ತಿ ಹೊರಗೆ ಬರುವಾಗ ಒತ್ತಿ, ಮತ್ತೆ ಒತ್ತಿ.

ಎರಡನೇ ಹಂತವೇ ಇಡೀ ಆಟದ ಕಷ್ಟದ ಜಾಗ, ಅದರಲ್ಲಿ ಅನುಮಾನ ಇಲ್ಲ. ಇಲ್ಲಿ ಒಂದು ಲೆಕ್ಕ ಅರ್ಥ ಮಾಡಿಕೊಳ್ಳಿ. ಬಾಸ್‌ನ ಜೀವದ ಪಟ್ಟಿ ತುಂಬಿದ್ದಾಗ ಅವನ ಪೋಶ್ಚರ್ ಬೇಗ ಇಳಿದುಬಿಡುತ್ತದೆ. ಜೀವ ಕಡಿಮೆಯಾದಷ್ಟು ನಿಧಾನಕ್ಕೆ ಇಳಿಯುತ್ತದೆ. ಅದಕ್ಕೆ ಮೊದಲು ಅವನ ಜೀವವನ್ನು ಅರ್ಧದ ಹತ್ತಿರ ತನ್ನಿ. ಅವನು ಮೇಲಕ್ಕೆ ಹಾರಿ ಈಟಿಯನ್ನು ನೆಲಕ್ಕೆ ಬಡಿಯುತ್ತಾನಲ್ಲ, ಆಗ ಪಕ್ಕಕ್ಕೆ ಸರಿದು ಒಂದೆರಡು ಏಟು ಕೊಡಿ, ಸಾಕು. ಮೂರನೆಯದಕ್ಕೆ ಆಸೆ ಪಡಬೇಡಿ. ಹೀಗೆ ಅರ್ಧಕ್ಕೆ ಬಂದ ಮೇಲೆ ಅಂಟಿಕೊಂಡು ಡಿಫ್ಲೆಕ್ಟ್ ಮಾಡುತ್ತಾ ಪೋಶ್ಚರ್ ತುಂಬಿಸಿ.

ಇನ್ನು ನಿಮ್ಮ ತಲೆ ಮೇಲೆ ಕೆಂಪು ಜಪಾನಿ ಅಕ್ಷರ ಮಿಂಚುತ್ತಲ್ಲ, ಅದನ್ನು ನೋಡಿ ಗಾಬರಿಯಾಗಿ ಹಿಂದಕ್ಕೆ ಜಿಗಿಯಬೇಡಿ. ಆ ಕ್ಷಣ ಈಟಿ ನೋಡಿ. ಈಟಿಯ ಮೊನೆ ನೇರ ನಿಮ್ಮ ಎದೆಗೆ ಬರುತ್ತಿದ್ದರೆ ಅದು ತಿವಿತ. ಆಗ ಡಾಡ್ಜ್ (ತಪ್ಪಿಸಿಕೊಳ್ಳುವ) ಬಟನ್ ಒತ್ತಿ ಮುಂದಕ್ಕೇ ಹೋಗಿ. ಮಿಕಿರಿ ಕೌಂಟರ್ ಕಲಿತಿದ್ದರೆ ಕಾಲಿನಿಂದ ಈಟಿ ತುಳಿಯುತ್ತೀರಿ, ಅವನ ಪೋಶ್ಚರ್ ದೊಡ್ಡ ತುಂಡಾಗಿ ಏರುತ್ತದೆ. ಈಟಿ ಕೆಳಗೆ ಅಡ್ಡಕ್ಕೆ ಬೀಸಿ ಬರುತ್ತಿದ್ದರೆ ಮೇಲಕ್ಕೆ ಹಾರಿ, ಗಾಳಿಯಲ್ಲಿದ್ದಾಗ ಮತ್ತೆ ಹಾರುವ ಬಟನ್ ಒತ್ತಿ ಅವನ ತಲೆ ತುಳಿಯಿರಿ. ಗುಂಡಿಗೆ ಹೆದರಬೇಡಿ, ಗುಂಡನ್ನೂ ಎಲ್1ನಿಂದಲೇ ತಡೆಯಬಹುದು. ಕಷ್ಟ ಅನ್ನಿಸಿದರೆ ನಿಮ್ಮ ಕೃತಕ ಕೈಗೆ ಕಬ್ಬಿಣದ ಛತ್ರಿ ಹಾಕಿಕೊಳ್ಳಿ. ಛತ್ರಿ ಬಿಚ್ಚಿದರೆ ಗುಂಡೂ ನಿಲ್ಲುತ್ತದೆ, ಈಟಿಯ ಸುರಿಮಳೆಯೂ ನಿಲ್ಲುತ್ತದೆ. ಛತ್ರಿ ಹಿಡಿದು ಆಡಿದರೆ ಅದು ಗೆಲುವಲ್ಲ ಅನ್ನುವವರ ಮಾತು ಕೇಳಬೇಡಿ. ಆಟದವರೇ ಕೊಟ್ಟ ಸಾಮಾನು ಅದು.

ಗೋರ್ಡ್ ಕುಡಿಯೋಕೆ ದೂರ ಓಡಿದರೆ ಅವನು ಹಿಂದೆಯೇ ಹಾರಿ ಬರುತ್ತಾನೆ. ಅವನ ದೊಡ್ಡ ಏಟು ಖಾಲಿ ಹೋದ ಕೂಡಲೇ, ಇದ್ದಲ್ಲೇ ಕುಡಿಯಿರಿ.

ಪ್ರಶ್ನೆ (ಹಾವೇರಿ):
ಸರ್, ನನಗೆ ಈ ಬಿಳಿ ಹುಲ್ಲಿನ ಬಯಲೇ ಬರಲಿಲ್ಲ. ಕೋಟೆಯ ಮೇಲೆ ಎಮ್ಮಾ ಜೊತೆ ಜಗಳ, ಆಮೇಲೆ ಮುದುಕ ಇಶ್ಶಿನ್ ಬಂದ. ಅವನನ್ನು ಗೆದ್ದ ಮೇಲೆ ಆಟವೇ ಮುಗೀತು. ನಾನೇನಾದರೂ ಬಿಟ್ಟಿದ್ದೇನಾ?

ಉತ್ತರ:
ಬಿಟ್ಟಿದ್ದೀರಿ ರೀ, ಸುಮಾರು ಬಿಟ್ಟಿದ್ದೀರಿ. ಕೋಟೆ ಮೇಲೆ ಔಲ್ ಅಂದರೆ ನಿಮ್ಮ ಸಾಕುತಂದೆ ಬಂದು, ನೀವು ಕಾಯುವ ಹುಡುಗ ಕುರೋನನ್ನು ಬಿಟ್ಟುಬಿಡು ಅಂದಾಗ ನೀವು ಹೂಂ ಅಂದಿದ್ದೀರಿ. ಹಾಗೆ ಒಪ್ಪಿದರೆ ಶುರಾ ಅನ್ನುವ ಮುಕ್ತಾಯ ಬರುತ್ತದೆ. ಅಲ್ಲಿ ಎಮ್ಮಾ, ಆಮೇಲೆ ಬೆಂಕಿ ಹಚ್ಚುವ ಮುದುಕ ಇಶ್ಶಿನ್. ಅವನೂ ಸುಲಭದವನಲ್ಲ, ಅವನನ್ನು ಗೆದ್ದಿದ್ದಕ್ಕೆ ಭೇಷ್. ಆದರೆ ಫೌಂಟನ್‌ಹೆಡ್ ಅರಮನೆ, ಆ ದೊಡ್ಡ ಡ್ರ್ಯಾಗನ್, ಕೊನೆಯ ಬಯಲು, ಯಾವುದೂ ನೋಡಿಲ್ಲ ನೀವು. ಮತ್ತೊಮ್ಮೆ ಆಡಿ, ಆ ಜಾಗದಲ್ಲಿ ತಂದೆಯ ಮಾತು ಮೀರಿ. ಆಟದ ಅತಿ ಚಂದದ ಭಾಗ ಉಳಿದಿದೆ.

ಪ್ರಶ್ನೆ (ಗದಗ):
ನಮಸ್ಕಾರ. ನನ್ನ ಮಗ ಒಂಬತ್ತನೇ ಕ್ಲಾಸ್. ಗೆಳೆಯನ ಮನೆಯಲ್ಲಿ ಇದೇ ಆಟ ನೋಡಿ ಬಂದು ಬೇಕು ಅಂತ ಹಟ ಹಿಡಿದಿದ್ದಾನೆ. ಕೊಡಿಸಬಹುದಾ?

ಉತ್ತರ:
ಅಕ್ಕಾ, ಈಗ ಬೇಡ. ಇದರ ಡಬ್ಬಿ ಮೇಲೇ ವಯಸ್ಸು ಬರೆದಿರುತ್ತದೆ. ಅಮೆರಿಕದ ಗುರುತಿನಲ್ಲಿ 17 ತುಂಬಿದವರಿಗೆ, ಯುರೋಪಿನ ಗುರುತಿನಲ್ಲಿ 18. ರಕ್ತ ತುಂಬಾ ಇದೆ, ಕುತ್ತಿಗೆ ಕಡಿಯುವುದನ್ನು ಹತ್ತಿರದಿಂದ ತೋರಿಸುತ್ತಾರೆ. ನಮ್ಮ ಪಾರ್ಲರ್‌ನಲ್ಲೂ ಚಿಕ್ಕ ಹುಡುಗರು ಕೇಳಿದರೆ ನಾನು ಹಾಕಿಕೊಡಲ್ಲ. ಮಗನಿಗೆ ಬೇಡ ಅಂತಷ್ಟೇ ಹೇಳಬೇಡಿ, ಯಾಕೆ ಅಂತಲೂ ಹೇಳಿ. ಆ ವಯಸ್ಸಿಗೆ ಹೊಂದುವ ಕಷ್ಟದ ಆಟಗಳು ಬೇರೆ ಇವೆ. ಅವನಿಗೆ ಸವಾಲು ಇಷ್ಟ ಅಂದರೆ ಸೆಲೆಸ್ಟ್ ಕೊಡಿಸಿ. ಬೆಟ್ಟ ಹತ್ತುವ ಆಟ, ರಕ್ತ ಇಲ್ಲ. ಬೆರಳಿಗೂ ತಾಳ್ಮೆಗೂ ಭರ್ತಿ ಕೆಲಸ ಇದೆ.

ಪ್ರಶ್ನೆ (ಗೋಕುಲ ರಸ್ತೆ, ಹುಬ್ಬಳ್ಳಿ):
ಅಣ್ಣಾ, ಇಶ್ಶಿನ್ ಹತ್ತಿರ ಹೋಗೋಕೆ ಮುಂಚೆ ಬೇರೆ ಎಲ್ಲಾದರೂ ಪ್ರಾಕ್ಟೀಸ್ ಮಾಡಬಹುದಾ? ಪ್ರತಿ ಸಲ ಗೆನಿಚಿರೋ ದಾಟಿಕೊಂಡು ಬರೋದೇ ಬೇಸರ.

ಉತ್ತರ:
ಎರಡು ಜಾಗ ಇವೆ. ಪಾಳು ಗುಡಿಯ ಹತ್ತಿರ ಹನ್‌ಬೇ ಅನ್ನುವ ಸಾಯದ ಮನುಷ್ಯ ನಿಂತಿರುತ್ತಾನೆ. ಅವನ ಜೊತೆ ಡಿಫ್ಲೆಕ್ಟ್, ಮಿಕಿರಿ ಎಲ್ಲ ಕಲಿಯಬಹುದು. ಆಟದ ಕೊನೆಗೆ ಬಂದವರು ಅವನನ್ನು ಮರೆತೇಬಿಡುತ್ತಾರೆ.

ಇನ್ನೊಂದು ಇದಕ್ಕಿಂತ ಒಳ್ಳೆಯದು. 2020ರ ಅಕ್ಟೋಬರ್‌ನಲ್ಲಿ ಒಂದು ಉಚಿತ ಅಪ್‌ಡೇಟ್ ಬಂತು. ಅದಾದ ಮೇಲೆ ಆಟದಲ್ಲಿ ವಿಶ್ರಾಂತಿ ಪಡೆಯುವ ವಿಗ್ರಹದ ಹತ್ತಿರ ಕೂತು, ಈಗಾಗಲೇ ಗೆದ್ದ ಬಾಸ್‌ಗಳ ಜೊತೆ ಮತ್ತೆ ಆಡಬಹುದು. ಇಶ್ಶಿನ್‌ನನ್ನು ಇನ್ನೂ ಗೆದ್ದಿಲ್ಲ, ಹಾಗಾಗಿ ಅವನು ಆ ಪಟ್ಟಿಯಲ್ಲಿ ಇರಲ್ಲ. ಆದರೆ ಕೋಟೆಯ ತುದಿಯ ಮಹಡಿಯಲ್ಲಿ ಸಿಗುವ ಗೆನಿಚಿರೋ ಇರುತ್ತಾನೆ. ಅವನ ಕೊನೆಯ ಹಂತದಲ್ಲಿ ಮಿಂಚು ಬರುತ್ತದೆ, ಇಶ್ಶಿನ್‌ನ ಕೊನೆಯ ಹಂತದಲ್ಲೂ ಅದೇ ಮಿಂಚು. ಮಿಂಚನ್ನು ತಿರುಗಿಸಿ ಹೊಡೆಯೋದು ಅಲ್ಲಿ ಕೈಗೆ ಕೂತರೆ ಇಲ್ಲಿ ಅದೇ ಕೈ ಕೆಲಸ ಮಾಡುತ್ತದೆ. ಪ್ರಾರ್ಥನೆ ಮಣಿ ಉಳಿದಿವೆಯಾ ಅಂತಲೂ ನೋಡಿ. ನಾಲ್ಕು ಸೇರಿಸಿದರೆ ಒಂದು ಮಾಲೆ, ಜೀವವೂ ಪೋಶ್ಚರ್ರೂ ಏರುತ್ತವೆ. ಇಡೀ ಆಟದಲ್ಲಿ 40 ಮಣಿ ಇವೆ.

ಪ್ರಶ್ನೆ (ಮೊದಲು ಕೇಳಿದವರು, ಸಪ್ತಾಪುರ):
ಅಣ್ಣಾ, ಗಂಟೆ ಬಾರಿಸಿದ್ದೆ! ಬೆಲ್ ಡೀಮನ್ ತೆಗೆದೆ, ಟಿವಿಗೆ ಗೇಮ್ ಮೋಡ್ ಹಾಕಿದೆ. ನಿನ್ನೆ ಎರಡನೇ ಹಂತ ದಾಟಿಬಿಟ್ಟೆ. ಆದರೆ ಮೂರನೆಯದರಲ್ಲಿ ಮಿಂಚು ಬಡಿದು ಸತ್ತೆ. ಎಲ್1 ಹಿಡಿದೇ ಇದ್ದೆ, ಆದರೂ ಜೀವ ಹೋಯಿತು. ಮಿಂಚನ್ನು ತಿರುಗಿಸೋದು ಹೇಗೆ ಅಂತ ಬಿಡಿಸಿ ಹೇಳಿ.

ಉತ್ತರ:
ಬಹಳ ಖುಷಿ ಆಯ್ತು ತಮ್ಮಾ. ಎರಡನೇ ಹಂತ ದಾಟಿದವರಿಗೆ ಮೂರನೆಯದು ಅದಕ್ಕಿಂತ ಸುಲಭ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಅದೇ ಈಟಿ, ಅದೇ ಏಟುಗಳು, ಹೊಸದು ಮಿಂಚೊಂದೇ. ಆ ಮಿಂಚು ಅವನಿಗಿಂತ ನಿಮಗೇ ಲಾಭ.

ನೆಲದ ಮೇಲೆ ನಿಂತು ಎಲ್1 ಹಿಡಿದರೆ ಮಿಂಚು ತಡೆಯೋಕಾಗಲ್ಲ, ಪೂರ್ತಿ ಮೈಗೆ ಬಡಿಯುತ್ತದೆ. ಅವನು ಮೇಲಕ್ಕೆ ಹಾರಿ, ಕೈಯ ಆಯುಧದ ಸುತ್ತ ಮಿಂಚು ಸುತ್ತಿಕೊಂಡಿತು ಅಂದರೆ ನೀವೂ ಹಾರಬೇಕು. ಬೇಗ ಹಾರಬೇಡಿ. ಬೇಗ ಹಾರಿದರೆ ಮಿಂಚು ಬರೋ ಹೊತ್ತಿಗೆ ನೀವು ನೆಲಕ್ಕೆ ಇಳಿದಿರುತ್ತೀರಿ. ಅವನು ಆಯುಧ ಬೀಸುವಾಗ ಹಾರಿ. ಗಾಳಿಯಲ್ಲಿರುವಾಗ ಮಿಂಚು ನಿಮಗೆ ತಾಗುತ್ತದೆ, ಸ್ವಲ್ಪ ಜೀವ ಹೋಗುತ್ತದೆ, ಹೋಗಲಿ. ಈಗ ಮಿಂಚು ನಿಮ್ಮ ಕತ್ತಿಯಲ್ಲಿದೆ. ಕಾಲು ನೆಲಕ್ಕೆ ತಾಗುವ ಮುಂಚೆ ಆರ್1 ಒತ್ತಿ. ಇದೊಂದೇ ಷರತ್ತು. ನೆಲ ಮುಟ್ಟಿದಿರೋ, ಮಿಂಚು ನಿಮ್ಮ ಮೈಯಲ್ಲೇ ಸಿಡಿಯುತ್ತದೆ.

ಸರಿಯಾಗಿ ಒತ್ತಿದರೆ ಮಿಂಚು ವಾಪಸ್ ಅವನಿಗೇ ಹೋಗುತ್ತದೆ. ಅವನು ನಡುಗುತ್ತಾ ನಿಂತುಬಿಡುತ್ತಾನೆ. ಆಗ ಗೋರ್ಡ್ ಕುಡಿಯೋಣ ಅನ್ನಿಸುತ್ತದೆ, ಬೇಡ. ಓಡಿ ಹೋಗಿ ಹೊಡೆಯಿರಿ, ಆ ಚೂಪು ಸದ್ದು ಬರೋವರೆಗೂ ಹೊಡೆಯಿರಿ.