ಆಪರೇಷನ್ ಟೇಬಲ್ ಬಳಿ ಶುಗರ್ 243, ಲ್ಯಾಬಿನಲ್ಲಿ 168: ಯಾವುದನ್ನು ನಂಬುವುದು?

ಹಡಪಸರ, ಪುಣೆ: ನಾನು ಅರಿವಳಿಕೆ ತಂತ್ರಜ್ಞ. ನಿನ್ನೆ ಸೊಂಟದ ಶಸ್ತ್ರಚಿಕಿತ್ಸೆಯ ನಡುವೆ ಗ್ಲೂಕೋಮೀಟರ್ 243 ತೋರಿಸಿತು. ಅದೇ ಹೊತ್ತಿಗೆ ತೆಗೆದ ರಕ್ತದಲ್ಲಿ ಲ್ಯಾಬ್ 168 ಎಂದಿತು. ಸ್ಟ್ರಿಪ್‌ನ ಅವಧಿ ಮುಗಿದಿಲ್ಲ, ಸಕ್ಕರೆಯ ಪ್ರಮಾಣ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರಾವಣದಲ್ಲೂ ಮೀಟರ್ ಸರಿಯಾಗಿದೆ. ಇನ್ಸುಲಿನ್ ಸಿರಿಂಜಿಗೆ ತುಂಬಿಯೂ ಆಗಿತ್ತು. ಅರಿವಳಿಕೆ ವೈದ್ಯೆ ಮೇಡಂ ಏಕೋ ಅನುಮಾನಪಟ್ಟು ತಡೆದರು. ಮೀಟರ್ ಬದಲಿಸಬೇಕೇ?

ಮಾಟುಂಗಾ, ಮುಂಬಯಿ: ಮೀಟರನ್ನು ಬೈಯುವುದು ಆಮೇಲೆ. ರಕ್ತ ಎಲ್ಲಿಂದ ತೆಗೆದಿರಿ? ಹಿಮೋಗ್ಲೋಬಿನ್ ಎಷ್ಟಿತ್ತು? ಲ್ಯಾಬಿನ ಟ್ಯೂಬ್ ಎಷ್ಟು ಹೊತ್ತು ಕಾದಿತ್ತು?

ಹಡಪಸರ: ಹೊದಿಕೆಯಡಿ ಬೆರಳು ಸಿಗಲಿಲ್ಲ. ಎಡಗೈಯ ಡ್ರಿಪ್ ನಿಲ್ಲಿಸಿ, ಅದರ ತ್ರೀವೇಯಿಂದಲೇ (ಕೊಳವೆಯ ಮೂರು ದಾರಿಯ ತಿರುಪಿನಿಂದ) ತೆಗೆದೆ. ಓಡುತ್ತಿದ್ದದ್ದು ಡಿಎನ್‌ಎಸ್, ಅಂದರೆ 5% ಡೆಕ್ಸ್‌ಟ್ರೋಸ್ (ಸಕ್ಕರೆ) ಬೆರೆತ ಸಲೈನ್. ಹಿಮೋಗ್ಲೋಬಿನ್ 7.4. ಲ್ಯಾಬಿಗೆ ಬಲಗೈಯಿಂದ, ಕೆಂಪು ಮುಚ್ಚಳದ ಟ್ಯೂಬಿನಲ್ಲಿ. ಒಂದು ಗಂಟೆ ಟ್ರೇಯಲ್ಲೇ ಇತ್ತು.

ಮಾಟುಂಗಾ: ಕಳ್ಳ ಅಲ್ಲಿಯೇ ಕೂತಿದ್ದಾನೆ. 5% ಡೆಕ್ಸ್‌ಟ್ರೋಸ್ ಎಂದರೆ ಡೆಸಿಲೀಟರಿಗೆ 5,000 ಮಿ.ಗ್ರಾಂ. ನೀವು ಎಳೆದ 1 ಮಿ.ಲೀ.ನಲ್ಲಿ 0.02 ಮಿ.ಲೀ. ಡ್ರಿಪ್, ಅಂದರೆ ಅರ್ಧ ಹನಿಗಿಂತಲೂ ಕಡಿಮೆ, ಉಳಿದಿದ್ದರೂ ಶುಗರ್ ಸುಮಾರು 100 ಏರುತ್ತದೆ. ಜೊತೆಗೆ ರಕ್ತಹೀನತೆ: ಕೆಂಪು ಕಣಗಳು ಕಡಿಮೆಯಾದಷ್ಟೂ ಅನೇಕ ಮೀಟರುಗಳು ಹೆಚ್ಚು ತೋರಿಸುತ್ತವೆ. ಈಚಿನ ಕೆಲವು ಇದನ್ನು ತಾವೇ ಸರಿಹೊಂದಿಸಿಕೊಳ್ಳುತ್ತವೆ. ನಿಮ್ಮದರ ಕೈಪಿಡಿ ನೋಡಿ. ಇನ್ನು ಲ್ಯಾಬ್ ಕೂಡ ಸತ್ಯಹರಿಶ್ಚಂದ್ರನಲ್ಲ. ಕಾಯುವ ಟ್ಯೂಬಿನಲ್ಲಿ ರಕ್ತಕಣಗಳೇ ಗಂಟೆಗೆ 5ರಿಂದ 7% ಸಕ್ಕರೆ ತಿಂದುಬಿಡುತ್ತವೆ. ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಬಳಸಿ. ಅದೂ ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ಗಂಟೆ ಬೇಕು, ಆದ್ದರಿಂದ ಬೇಗ ಕಳುಹಿಸಿ.

ಮಡಗಾಂವ್, ಗೋವಾ: ಒಂದು ಮಾತು ಸೇರಿಸುತ್ತೇನೆ. ರಕ್ತದೊತ್ತಡ ಕುಸಿದು, ಅದನ್ನು ಏರಿಸುವ ನಾರ್‌ಅಡ್ರಿನಲಿನ್ ಔಷಧಿ ಓಡುತ್ತಿದ್ದರೆ, ಬೆರಳು ಸಿಕ್ಕರೂ ಚುಚ್ಚಬೇಡಿ. ತಣ್ಣಗಾದ ಬೆರಳಿನ ತುದಿಯ ರಕ್ತ ಒಳಗಿನ ಸ್ಥಿತಿ ಹೇಳುವುದಿಲ್ಲ. ಆರ್ಟೀರಿಯಲ್ ಲೈನ್ (ಅಪಧಮನಿಗೆ ಹಾಕಿದ ಕೊಳವೆ) ಇದ್ದರೆ ಅದರಿಂದ ತೆಗೆದು ಎಬಿಜಿ ಯಂತ್ರಕ್ಕೆ (ರಕ್ತದ ಅನಿಲಗಳ ಜೊತೆ ಶುಗರ್ ಕೂಡ ಅಳೆಯುವ ಯಂತ್ರ) ಹಾಕಿ. ಆ ಲೈನ್ ಕಟ್ಟದಂತೆ ಹರಿಸುವ ಫ್ಲಶ್ ದ್ರವದಲ್ಲೂ ಡೆಕ್ಸ್‌ಟ್ರೋಸ್ ಇರಬಾರದು. ತಪ್ಪಾಗಿ ಹೆಚ್ಚು ತೋರಿಸುವ ಮೀಟರ್ ಎಂದರೇ ನನಗೆ ಹೆಚ್ಚು ಭಯ. ಅದನ್ನು ನಂಬಿ ಇನ್ಸುಲಿನ್ ಕೊಟ್ಟು ಶುಗರ್ ಇಳಿದರೆ ಎಚ್ಚರವಿರುವವರು ಬೆವರುತ್ತಾರೆ, ಕೈ ನಡುಗುತ್ತಿದೆ ಎನ್ನುತ್ತಾರೆ. ಅರಿವಳಿಕೆ ಕೊಟ್ಟು ಮಲಗಿಸಿದವರಿಗೆ ಹೇಳಲು ಬಾಯಿಯೇ ಇಲ್ಲ.

ಹಡಪಸರ: ಇವತ್ತಿನ ರೋಗಿಗೂ ಹಿಮೋಗ್ಲೋಬಿನ್ 8ರ ಆಸುಪಾಸು. ಆರ್ಟೀರಿಯಲ್ ಲೈನಿನ ಒಂದೇ ಸಿರಿಂಜಿನ ರಕ್ತವನ್ನು ಎರಡಕ್ಕೂ ಹಾಕಿದೆ. ಎಬಿಜಿಯಲ್ಲಿ 171, ಮೀಟರಿನಲ್ಲಿ 194.

ಮಾಟುಂಗಾ: ಐಎಸ್‌ಒ 15197 ಎಂಬ 2013ರ ಮಾನದಂಡ 100ರ ಮೇಲೆ 15% ಆಚೀಚೆಗೆ ಒಪ್ಪುತ್ತದೆ. ನಿಮ್ಮದು ಅದರೊಳಗೇ ಇದೆ, ಅಂಚಿನಲ್ಲಿ. ಆದರೆ ಅದು ಮನೆಯಲ್ಲಿ ತಾವೇ ನೋಡಿಕೊಳ್ಳುವವರ ಮೀಟರಿಗೆ ಬರೆದದ್ದು. ಮೀಟರ್ ಇರಲಿ, ಯಾರೂ ಅಲ್ಲಿಂದ ರಕ್ತ ತೆಗೆಯದಂತೆ ಡ್ರಿಪ್ಪಿನ ತ್ರೀವೇಗೆ ಕೆಂಪು ಟೇಪ್ ಸುತ್ತಿ.