ಜಲ್ಲಿ ಪಾತಿಯ ಮೇಲೆ ನೀರು ನಿಲ್ಲುತ್ತಿದೆ, ಕೊಳೆತ ಮೊಟ್ಟೆಯ ವಾಸನೆ. ಏನು ಮಾಡಲಿ?

ಪ್ರಶ್ನೆ:
ಅಡುಗೆಮನೆ, ಬಚ್ಚಲು, ಬಟ್ಟೆ ಒಗೆದ ನೀರು ಸೇರಿ ದಿನಕ್ಕೆ ಸುಮಾರು 300 ಲೀಟರ್. ಅದನ್ನು ಶುದ್ಧಮಾಡಲು ಮಾಡಿದ 3 ಮೀ. ಉದ್ದ, 1 ಮೀ. ಅಗಲ, 60 ಸೆಂ.ಮೀ. ಆಳದ ಜಲ್ಲಿ ಪಾತಿಯಲ್ಲಿ ಕಾಬಾಳೆ, ಜೊಂಡು ನೆಟ್ಟಿದ್ದೇನೆ. ಎಂಟು ತಿಂಗಳು ತಿಳಿನೀರು ಬರುತ್ತಿತ್ತು. ಈಗ ಮೇಲೆಯೇ ನಿಂತು ನಾರುತ್ತಿದೆ. ಇನ್ನಷ್ಟು ಗಿಡ ನೆಟ್ಟರೂ ಪ್ರಯೋಜನವಾಗಲಿಲ್ಲ. ಜಲ್ಲಿಯನ್ನೆಲ್ಲ ತೆಗೆಯಬೇಕೇ?

ಉತ್ತರ:
ತೆಗೆಯಬೇಡಿ, ಮೊದಲು ನೋಡಿ. ನೀರು ಇಡೀ ಪಾತಿಯ ಮೇಲೆ ನಿಂತಿದೆಯೋ, ಒಳಬರುವ ತುದಿಯಲ್ಲಿ ಮಾತ್ರವೋ? ಇಡೀ ಪಾತಿ ಅಂದರೆ ಹೊರಹೋಗುವ ಪೈಪ್ ಕಟ್ಟಿರಬಹುದು, ಇಲ್ಲವೇ ಎತ್ತರದಲ್ಲಿರಬಹುದು. ಮಟ್ಟ ಜಲ್ಲಿಯ ಮೇಲ್ಮೈಗಿಂತ 5–10 ಸೆಂ.ಮೀ. ಕೆಳಗಿರಬೇಕು.

ಪ್ರಶ್ನೆ ಕೇಳಿದವರು:
ಒಳಬರುವ ಕಡೆ ಮುಕ್ಕಾಲು ಮೀಟರ್ ಮಾತ್ರ ಸರ್. ಬಗೆದರೆ ಕಪ್ಪು ಲೋಳೆ, ಜಿಡ್ಡು. ಆಚೆ ತುದಿಯ ಜಲ್ಲಿ ಚೊಕ್ಕವಾಗಿದೆ.

ಉತ್ತರ:
ಹಾಗಾದರೆ ಮುಸುರೆ ನೀರಿನ ಜಿಡ್ಡೇ ಕಾರಣ. ಸಿಂಕಿನ ನೀರು ನೇರ ಪಾತಿಗೆ ಬೀಳುತ್ತಿರಬೇಕು. ಎಣ್ಣೆ ಜಲ್ಲಿಯ ಸಂದುಗಳನ್ನು ಮುಚ್ಚುತ್ತದೆ, ಆಮ್ಲಜನಕ ಮುಗಿಯುತ್ತದೆ, ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾ ನೀರಿನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ನಿಮ್ಮ ಮೂಗಿಗೆ ಬಡಿಯುತ್ತಿರುವುದು ಅದೇ.

ಗಿಡ ಹೆಚ್ಚಿಸಿ ಇದು ಸರಿಹೋಗುವುದಿಲ್ಲ. ನೀರಿನ ಕೊಳೆಯನ್ನು ಬಹುಪಾಲು ತಿನ್ನುವುದು ಜಲ್ಲಿಗೂ ಬೇರಿಗೂ ಅಂಟಿಕೊಂಡ ಸೂಕ್ಷ್ಮಜೀವಿಗಳು. ಅವುಗಳಿಗೆ ಜಾಗ ಕೊಡುವುದೇ ಗಿಡದ ದೊಡ್ಡ ಉಪಕಾರ. ವಾಸನೆಗೆಂದು ಬ್ಲೀಚ್ ಸುರಿಯಬೇಡಿ, ಅವೇ ಸಾಯುತ್ತವೆ!

ಪಾತಿಯ ಅಳತೆ ತಪ್ಪಿಲ್ಲ. 50 ಸೆಂ.ಮೀ. ನೀರು, ಸಂದು ಶೇ. 40 ಅಂತ ಹಿಡಿದರೆ 600 ಲೀಟರ್ ಹಿಡಿಯುತ್ತದೆ, ಅಂದರೆ ನೀರು ಎರಡು ದಿನ ಒಳಗಿರುತ್ತದೆ. ಹಾಗಾಗಿ ಕೆಟ್ಟ ಮುಕ್ಕಾಲು ಮೀಟರ್ ಮಾತ್ರ ಕೈಗವಸು ಹಾಕಿ ತೆಗೆಯಿರಿ. ಅಲ್ಲಿಗೆ 40–80 ಮಿ.ಮೀ.ನ ದಪ್ಪ ಕಲ್ಲು ತುಂಬಿ. ತೆಗೆದ ಜಲ್ಲಿಯನ್ನು ತೊಳೆದು ಬಿಸಿಲಿಗೆ ಒಣಗಿಸಿದರೆ ಮತ್ತೆ ಬಳಸಬಹುದು.

ಸಿಂಕಿಗೂ ಪಾತಿಗೂ ನಡುವೆ ಜಿಡ್ಡು ತಡೆಯುವ ತೊಟ್ಟಿ ಬೇಕೇ ಬೇಕು. ಹೊರಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗಿರಲಿ. ಎಣ್ಣೆ ಮೇಲೆ ತೇಲುತ್ತದೆ, ಚರಟ ತಳಕ್ಕೆ ಕೂರುತ್ತದೆ, ನಡುವಿನ ನೀರಷ್ಟೇ ಮುಂದೆ ಹೋಗುತ್ತದೆ. ಪಾತ್ರೆಯನ್ನು ತೊಳೆಯುವ ಮುಂಚೆ ಒಮ್ಮೆ ಒರೆಸಿದರೆ ತೊಟ್ಟಿಗೂ ಹೊರೆ ಕಡಿಮೆ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ):
ತೊಟ್ಟಿ ಕೂರಿಸಿ ಕಲ್ಲು ಬದಲಿಸಿದೆ. ಐದನೇ ದಿನಕ್ಕೆ ವಾಸನೆ ಹೋಯಿತು, ಮೇಲೆ ನೀರಿಲ್ಲ. ವಾರಕ್ಕೊಮ್ಮೆ ತೊಟ್ಟಿಯ ಜಿಡ್ಡು ತೆಗೆಯುತ್ತಿದ್ದೇನೆ. ಮೊದಲ ಸಲವೇ ಒಂದು ಬಟ್ಟಲು ತುಂಬಿತು. ಅದಷ್ಟೂ ಇಷ್ಟು ದಿನ ಜಲ್ಲಿಗೇ ಇಳಿಯುತ್ತಿತ್ತು.