ಪೈಬೈಂಡ್11: ಪೈಥಾನ್ ಸಬ್‌ಕ್ಲಾಸ್ ಟೆಸ್ಟ್ ಎಲ್ಲ ಪಾಸ್, ಸಿ++ ಒಳಗಿಂದ ಕರೆದರೆ ಎರರ್

ಪ್ರಶ್ನೆ (ಗೆರೆಗೋಡು)

ಸಿ++ನಲ್ಲಿ ‘ಆಕಾರ’ ಅಂತ ಬೇಸ್ ಕ್ಲಾಸ್ ಇದೆ. ಅದರಲ್ಲಿ ‘ವಿಸ್ತೀರ್ಣ’ ಪ್ಯೂರ್ ವರ್ಚುವಲ್, ಅಂದರೆ ಬೇಸ್‌ನಲ್ಲಿ ಕೋಡ್ ಇಲ್ಲ, ಸಬ್‌ಕ್ಲಾಸೇ ಬರೆಯಬೇಕು. ‘ಹೆಸರು’ ಬರೀ ವರ್ಚುವಲ್, ಅದಕ್ಕೆ ಡಿಫಾಲ್ಟ್ ಕೋಡ್ ಇದೆ. ಪೈಬೈಂಡ್11ರ (ಸಿ++ ಕೋಡನ್ನು ಪೈಥಾನ್‌ನಿಂದ ಬಳಸಲು ಬಿಡುವ ಲೈಬ್ರರಿ) 2.13ರಲ್ಲಿ ಟ್ರ್ಯಾಂಪೊಲಿನ್ (ಸಿ++ನ ವರ್ಚುವಲ್ ಕರೆಯನ್ನು ಪೈಥಾನ್ ಸಬ್‌ಕ್ಲಾಸ್ ಮತ್ತೆ ಬರೆದ ಮೆಥಡ್‌ಗೆ, ಅಂದರೆ ಓವರ್‌ರೈಡ್‌ಗೆ, ದಾಟಿಸುವ ಕ್ಲಾಸ್) ಬರೆದು, ಶೇರ್ಡ್ ಪಾಯಿಂಟರ್ ಹೋಲ್ಡರ್ (ಸಿ++ ಆಬ್ಜೆಕ್ಟನ್ನು ಹಿಡಿದಿಡುವ ಪಾಯಿಂಟರ್) ಕೊಟ್ಟು ಬೈಂಡ್ ಮಾಡಿದ್ದೇನೆ. ಪೈಥಾನ್‌ನಲ್ಲಿ ‘ಚೌಕ’ ಇದನ್ನು ಇನ್‌ಹೆರಿಟ್ ಮಾಡುತ್ತದೆ.

ಪೈಟೆಸ್ಟ್‌ನಲ್ಲಿ ಚೌಕ(3).ವಿಸ್ತೀರ್ಣ() ಕರೆದರೆ 9 ಬರುತ್ತದೆ. ಇಸ್‌ಇನ್‌ಸ್ಟನ್ಸ್ ಟೆಸ್ಟ್ ಕೂಡ ಪಾಸ್. ಆದರೆ ಸಿ++ನ ‘ಚಿತ್ರಪಟ’ಕ್ಕೆ ಪಟ.ಸೇರಿಸು(ಚೌಕ(3)) ಅಂತ ಕೊಟ್ಟು, ಮುಂದಿನ ಸಾಲಲ್ಲಿ ಪಟ.ಒಟ್ಟು() ಕರೆದರೆ ಪ್ಯೂರ್ ವರ್ಚುವಲ್ ಫಂಕ್ಷನ್ ಕರೆದಿದ್ದೀರಿ ಅಂತ ರನ್‌ಟೈಮ್ ಎರರ್. ಚೌಕವನ್ನು ಮೊದಲು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು ಕೊಟ್ಟರೆ ಸರಿಯಾಗಿ ಓಡುತ್ತದೆ. ಟ್ರ್ಯಾಂಪೊಲಿನ್ ತಪ್ಪೋ, ಟೆಸ್ಟೇ ತಪ್ಪೋ?

ಉತ್ತರ (ಸೇತುಬಂಧ)

ಎರಡೂ ಬೇರೆ ಬೇರೆ ವಿಷಯ. ಮೊದಲು ಟೆಸ್ಟ್ ನೋಡೋಣ.

ಪೈಥಾನ್‌ನಿಂದ ಚೌಕ(3).ವಿಸ್ತೀರ್ಣ() ಕರೆದಾಗ ಮೆಥಡ್ ಹುಡುಕುವುದು ಪೈಥಾನೇ. ಚೌಕದಲ್ಲೇ ಸಿಗುತ್ತದೆ, ಓಡಿಸುತ್ತದೆ. ಸಿ++ ಕಡೆಗೆ ಕರೆ ಹೋಗುವುದೇ ಇಲ್ಲ. ಟ್ರ್ಯಾಂಪೊಲಿನ್ ಒಳಗಿನ ವಿಸ್ತೀರ್ಣದ ಕೋಡ್ ತಪ್ಪಾಗಿದ್ದರೂ ವಿಸ್ತೀರ್ಣ ಎಂಬ ಪೈಥಾನ್ ಫಂಕ್ಷನ್ 9 ಅಂತಲೇ ಹೇಳುತ್ತಿತ್ತು. ಹಾಗಾಗಿ ಟೆಸ್ಟ್ ಮಾಡ್ಯೂಲಿನಲ್ಲಿ ಸಿ++ ಫಂಕ್ಷನ್ ಒಂದನ್ನು ಸೇರಿಸಿ: ಆಕಾರದ ರೆಫರೆನ್ಸ್ ತೆಗೆದುಕೊಂಡು ವಿಸ್ತೀರ್ಣ ಕರೆದು ಬಂದ ಬೆಲೆಯನ್ನು ಹಾಗೇ ವಾಪಸ್ ಕೊಡಬೇಕು, ಅಷ್ಟೇ. ಪ್ರತಿ ವರ್ಚುವಲ್ ಮೆಥಡ್‌ಗೂ ಇಂಥದ್ದೊಂದು ಬೇಕು. ಓವರ್‌ರೈಡ್‌ನ ಟೆಸ್ಟ್ ಯಾವಾಗಲೂ ಇದರ ಮೂಲಕವೇ ಹೋಗಲಿ.

ಈಗ ಎರರ್. ಸೇರಿಸು ಮುಗಿದ ಕೂಡಲೇ ಪೈಥಾನ್ ಕಡೆ ಚೌಕವನ್ನು ಹಿಡಿದವರು ಯಾರೂ ಇಲ್ಲ. ರೆಫರೆನ್ಸ್ ಎಣಿಕೆ 0 ಆಗಿ ಪೈಥಾನ್ ಆಬ್ಜೆಕ್ಟ್ ಸಾಯುತ್ತದೆ. ಶೇರ್ಡ್ ಪಾಯಿಂಟರ್‌ನಿಂದಾಗಿ ಸಿ++ ಅರ್ಧ ಮಾತ್ರ ಉಳಿಯುತ್ತದೆ. ಆಮೇಲೆ ಟ್ರ್ಯಾಂಪೊಲಿನ್ ಓವರ್‌ರೈಡ್ ಹುಡುಕಿದರೆ ಪೈಥಾನ್ ಅರ್ಧವೇ ಇಲ್ಲ.

2.13ರಲ್ಲೇ ಇರುವುದಾದರೆ ಸೇರಿಸು ಬೈಂಡಿಂಗ್‌ಗೆ ಕೀಪ್ ಅಲೈವ್ 1, 2 ಹಾಕಿ (1 ಅಂದರೆ ಪಟ, 2 ಅಂದರೆ ಅದಕ್ಕೆ ಕೊಟ್ಟ ಚೌಕ). ಪಟ ಇರುವವರೆಗೆ ಚೌಕವೂ ಇರುತ್ತದೆ. ಆದರೆ ಸಿ++ ಆ ಶೇರ್ಡ್ ಪಾಯಿಂಟರನ್ನು ಪಟದ ಹೊರಗೆ ಕಾಪಿ ಮಾಡಿದರೆ ಮತ್ತೆ ಅದೇ ಕಥೆ. ಚೌಕದ ಒಳಗೆ ಪಟದ ರೆಫರೆನ್ಸ್ ಇಟ್ಟರೆ ಮೆಮೊರಿ ಲೀಕ್, ಯಾಕೆಂದರೆ ಕೀಪ್ ಅಲೈವ್ ಹಿಡಿತ ಗಾರ್ಬೇಜ್ ಕಲೆಕ್ಟರ್‌ಗೆ (ಬಳಕೆಯಿಲ್ಲದ ಆಬ್ಜೆಕ್ಟ್ ತೆಗೆಯುವ ಪೈಥಾನ್ ಭಾಗ, ಜಿಸಿ) ಕಾಣುವುದಿಲ್ಲ. 2025ರಲ್ಲಿ ಬಂದ 3.0ಗೆ ಹೋಗುವುದು ಮೇಲು: ಹೋಲ್ಡರ್ ಜಾಗದಲ್ಲಿ ಸ್ಮಾರ್ಟ್ ಹೋಲ್ಡರ್ ಕೊಡಿ, ಟ್ರ್ಯಾಂಪೊಲಿನ್ ಕ್ಲಾಸ್ ‘ಟ್ರ್ಯಾಂಪೊಲಿನ್ ಸೆಲ್ಫ್ ಲೈಫ್ ಸಪೋರ್ಟ್’ ಅನ್ನೂ ಇನ್‌ಹೆರಿಟ್ ಮಾಡಲಿ. ಆಗ ಸಿ++ ಹಿಡಿದಿರುವವರೆಗೆ ಪೈಥಾನ್ ಅರ್ಧವೂ ಉಳಿಯುತ್ತದೆ.

ಟೆಸ್ಟಿನಲ್ಲಿ ಚೌಕವನ್ನು ಬೇಕೆಂದೇ ವೇರಿಯಬಲ್‌ಗೆ ಹಾಕದೆ ಕೊಡಿ, ಜಿಸಿ ಕಲೆಕ್ಟ್ ಓಡಿಸಿ, ಆಮೇಲೆ ಒಟ್ಟು ಕೇಳಿ. ‘ಹೆಸರು’ ಮೆಥಡ್‌ಗೂ ಇದನ್ನೇ ಮಾಡಿ. ಅಲ್ಲಿ ಎರರ್ ಬರುವುದೇ ಇಲ್ಲ, ಸದ್ದಿಲ್ಲದೆ ಬೇಸ್‌ನ ಹೆಸರು ಬರುತ್ತದೆ. ಹೆಚ್ಚು ಅಪಾಯ ಅದರದ್ದೇ.

ಉತ್ತರ (ಎರಡನೇ ಮಹಡಿ)

ಮೇಲಿನದಕ್ಕೆ ಒಂದು ಸೇರ್ಪಡೆ. ಸಿ++ನಲ್ಲೇ ಆಕಾರದಿಂದ ‘ವೃತ್ತ’ ಬಂದಿದ್ದು, ಅದನ್ನು ಟ್ರ್ಯಾಂಪೊಲಿನ್ ಇಲ್ಲದೆ ಬೈಂಡ್ ಮಾಡಿದ್ದರೆ, ಪೈಥಾನ್‌ನಲ್ಲಿ ವೃತ್ತದಿಂದ ಇಳಿದ ಕ್ಲಾಸಿನ ಓವರ್‌ರೈಡ್ ಸಿ++ಗೆ ಕಾಣುವುದಿಲ್ಲ. ಬೇಸ್‌ನ ಟ್ರ್ಯಾಂಪೊಲಿನ್ ಮಕ್ಕಳಿಗೆ ತಾನಾಗಿ ಬರುವುದಿಲ್ಲ. ವೃತ್ತಕ್ಕೆ ಬೇರೆ ಟ್ರ್ಯಾಂಪೊಲಿನ್ ಬರೆದು, ಅದರಲ್ಲಿ ‘ಹೆಸರು’ ಸೇರಿ ಎಲ್ಲ ವರ್ಚುವಲ್ ಮೆಥಡ್‌ಗಳನ್ನೂ ಹಾಕಬೇಕು. ವೃತ್ತದಲ್ಲಿ ವಿಸ್ತೀರ್ಣಕ್ಕೆ ಕೋಡ್ ಇರುವುದರಿಂದ ಓವರ್‌ರೈಡ್ ಪ್ಯೂರ್ ಮ್ಯಾಕ್ರೋ (ಬೇಸ್‌ನಲ್ಲಿ ಕೋಡ್ ಇಲ್ಲದ ಮೆಥಡ್‌ಗೆ ಟ್ರ್ಯಾಂಪೊಲಿನ್‌ನಲ್ಲಿ ಬರೆಯುವುದು) ಬೇಡ, ಬರೀ ಓವರ್‌ರೈಡ್ ಸಾಕು. ಕ್ಲಾಸ್‌ಗಳು ಜಾಸ್ತಿ ಇದ್ದರೆ ಬೇಸ್ ಕ್ಲಾಸನ್ನೇ ಟೆಂಪ್ಲೇಟ್ ಪ್ಯಾರಾಮೀಟರ್ ಮಾಡಿದ ಟ್ರ್ಯಾಂಪೊಲಿನ್ ಬರೆಯಿರಿ, ಒಂದೇ ಸಾಲು ಹತ್ತು ಕಡೆ ಬರೆಯುವುದು ತಪ್ಪುತ್ತದೆ.

ಗೆರೆಗೋಡು

ಕೀಪ್ ಅಲೈವ್ ಹಾಕಿದೆ, ಎರರ್ ಹೋಯಿತು. ಈಗ ಇನ್ನೊಂದು. ‘ಗೋಟು’ ಎಂಬ ಪೈಥಾನ್ ಸಬ್‌ಕ್ಲಾಸ್ ‘ಹೆಸರು’ ಓವರ್‌ರೈಡ್ ಮಾಡಿಲ್ಲ. ಒಂದು ಟೆಸ್ಟಿನಲ್ಲಿ ಮಾಕ್ ಪ್ಯಾಚ್‌ನಿಂದ (ಟೆಸ್ಟ್ ಹೊತ್ತಿಗಷ್ಟೇ ಮೆಥಡ್ ಬದಲಿಸುವ ಸಾಧನ) ಗೋಟಿನ ‘ಹೆಸರು’ ಬದಲಿಸಿ ಸಿ++ನಿಂದ ಕರೆಯುತ್ತೇನೆ. ಆ ಟೆಸ್ಟ್ ಒಂದನ್ನೇ ಓಡಿಸಿದರೆ ಪಾಸ್, ಇಡೀ ಫೈಲ್ ಓಡಿಸಿದರೆ ಫೇಲ್.

ಉತ್ತರ (ಸೇತುಬಂಧ)

ಅದು ಕ್ಯಾಶ್. ಸಿ++ನಿಂದ ಮೊದಲ ಸಲ ‘ಹೆಸರು’ ಕರೆದಾಗ ಗೋಟಿನಲ್ಲಿ ಓವರ್‌ರೈಡ್ ಇಲ್ಲ ಅಂತ ಗೊತ್ತಾದರೆ, ‘ಈ ಕ್ಲಾಸಿಗೆ ಈ ಹೆಸರಿನ ಓವರ್‌ರೈಡ್ ಇಲ್ಲ’ ಅಂತ ಪೈಬೈಂಡ್11 ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಹುಡುಕುವುದೇ ಇಲ್ಲ. ನಿಮ್ಮ ಫೈಲಿನಲ್ಲಿ ಮೇಲಿರುವ ಯಾವುದೋ ಟೆಸ್ಟ್ ಪ್ಯಾಚ್‌ಗೂ ಮೊದಲೇ ಆ ಕರೆ ಮಾಡಿದೆ. ಪ್ಯಾಚ್ ಬಿಟ್ಟು, ಟೆಸ್ಟ್ ಫಂಕ್ಷನ್ ಒಳಗೇ ಹೊಸ ಸಬ್‌ಕ್ಲಾಸ್ ಬರೆಯಿರಿ. ಹೊಸ ಕ್ಲಾಸ್ ಅಂದರೆ ಕ್ಯಾಶ್‌ನಲ್ಲಿ ಹೊಸ ಕೀ.

ಜೊತೆಗೆ ಸೂಪರ್‌ಗೂ (ಸಬ್‌ಕ್ಲಾಸಿನಿಂದ ಬೇಸ್‌ನ ಮೆಥಡ್ ಕರೆಯುವುದು) ಒಂದು ಟೆಸ್ಟ್ ಇರಲಿ. ಪೈಥಾನ್‌ನ ‘ಹೆಸರು’ ಒಳಗಿಂದ ಸೂಪರ್‌ನ ‘ಹೆಸರು’ ನೇರವಾಗಿ ಕರೆದರೆ ತೊಂದರೆಯಿಲ್ಲ: ಕರೆದ ಫ್ರೇಮಿನ ಫಂಕ್ಷನ್ ಹೆಸರು ಅದೇ, ಸೆಲ್ಫ್ ಕೂಡ ಅದೇ ಅಂತ ನೋಡಿ ಪೈಬೈಂಡ್11 ಬೇಸ್ ಕೋಡಿಗೆ ಹೋಗುತ್ತದೆ. ಅದನ್ನೇ ಬೇರೆ ಹೆಸರಿನ ಸಹಾಯಕ ಫಂಕ್ಷನ್‌ನಿಂದ ಕರೆಸಿದರೆ ಈ ಗುರುತು ಸಿಗದೆ ಓವರ್‌ರೈಡನ್ನೇ ಮತ್ತೆ ಕರೆದು ಕೊನೆಗೆ ರಿಕರ್ಷನ್ ಎರರ್ ಬರುತ್ತದೆ. ಪರಿಹಾರ: ಬೈಂಡಿಂಗ್‌ನಲ್ಲಿ ಮೆಥಡ್ ಪಾಯಿಂಟರ್ ಕೊಡುವ ಬದಲು ಲ್ಯಾಂಬ್ಡಾ ಕೊಟ್ಟು, ಅದರೊಳಗೆ ಕ್ಲಾಸಿನ ಹೆಸರು ಹಿಡಿದು ಆಕಾರದ ‘ಹೆಸರು’ ಕರೆಯಿರಿ. ಆಗ ವರ್ಚುವಲ್ ಡಿಸ್‌ಪ್ಯಾಚ್ (ಓವರ್‌ರೈಡ್ ಹುಡುಕಿ ಕರೆಯುವುದು) ನಡೆಯುವುದಿಲ್ಲ. ಆದರೆ ವೃತ್ತಕ್ಕೆ ತನ್ನದೇ ‘ಹೆಸರು’ ಇದ್ದರೆ ಅದಕ್ಕೂ ಹೀಗೇ ಬೇರೆ ಲ್ಯಾಂಬ್ಡಾ ಬೈಂಡ್ ಮಾಡಿ. ಇಲ್ಲವಾದರೆ ಪೈಥಾನ್‌ನಿಂದ ವೃತ್ತದ ಹೆಸರು ಕೇಳಿದಾಗ ಆಕಾರದ್ದೇ ಬರುತ್ತದೆ.